ಅಕ್ಟೋಬರಿನಲ್ಲಿ ಹಾಡಿದ ಹಲಗೆ

ಎವಾರಿಸ್ತೊನ ಕಿವಿ ಸುಳ್ಳು ಹೇಳುವುದಿಲ್ಲ ಎಂದು ಕಲೇಟಾ ಗಾರ್ಸಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಿಜವೇ. ಸುಳ್ಳು ಹೇಳಿದ್ದು ಅವನ ಕಿವಿಯಲ್ಲ, ಬಾಯಿ.

ಭೂಮಿಯ ದಕ್ಷಿಣದ ತುದಿಯ ಆ ಊರಿನಲ್ಲಿ ಬೀದಿಯಿಲ್ಲ, ಹಲಗೆದಾರಿಗಳಿವೆ. ಅಡಿಯಲ್ಲಿ ಜೌಗು, ಇಲ್ಲವೇ ಉಬ್ಬರಕ್ಕೆ ಏರಿ ಇಳಿಯುವ ಉಪ್ಪುನೀರು. ಅದರೊಳಗೆ ನೆಟ್ಟ ಕಂಬ, ಕಂಬಕ್ಕೆ ಅಡ್ಡತೊಲೆ, ತೊಲೆಯ ಮೇಲೆ ಸಾಲಾಗಿ ಸಿಪ್ರೆಸ್ ಮರದ ಹಲಗೆ. ರೊಟ್ಟಿ ತರಲಿ, ಇಗರ್ಜಿಗೆ ಹೋಗಲಿ, ಹೆಣ ಹೊರಲಿ, ಎಲ್ಲವೂ ಆ ಹಲಗೆಗಳ ಮೇಲೆಯೇ. ಮಳೆಯ ಮಾತಂತೂ ಕೇಳಲೇಬೇಡಿ. ಎರಡು ದಿನ ಮಳೆ ನಿಂತರೆ ಏನೋ ಅನಾಹುತ ಕಾದಿದೆ ಎಂದು ಜನ ಆಕಾಶ ನೋಡುತ್ತಾರೆ. ಅಂಥ ಮಳೆಗೆ ಮೈಯೊಡ್ಡಿ ಮೂವತ್ತು ವರ್ಷ ಮಲಗಬಲ್ಲದ್ದು ಸಿಪ್ರೆಸ್ಸಿನ ನಡುಗಾಂಡದ ಕೆಚ್ಚು ಮಾತ್ರ. ತೊಗಟೆಯ ಪಕ್ಕದ ಬಿಳಿಮರ ಮೂರು ವರ್ಷಕ್ಕೆ ಹಿಟ್ಟು. ಹೊಸದರಲ್ಲಿ ಯಾವುದು ಕೆಚ್ಚು, ಯಾವುದು ಬಿಳಿ ಎಂದು ಕುರುಡನೂ ಮೂಸಿ ಹೇಳಬಹುದು. ಒಂದು ಚಳಿಗಾಲ ಕಳೆಯಿತೋ, ಎರಡಕ್ಕೂ ಒಂದೇ ಬೂದಿ ಬಣ್ಣ ಬಂದುಬಿಡುತ್ತದೆ. ಆಮೇಲೆ ಕಣ್ಣು ಮೂಗಿಗೆ ಕೆಲಸವಿಲ್ಲ. ಕಿವಿ ಬೇಕು.

ಆ ಕಿವಿ ಎವಾರಿಸ್ತೊನದಾಗಿತ್ತು. ಪ್ರತಿ ಅಕ್ಟೋಬರಿನಲ್ಲಿ, ಬೇಸಿಗೆಯ ಲಾಂಚುಗಳು ಬರುವ ಮೊದಲು, ಉದ್ದ ಹಿಡಿಯ ಕೊಡತಿ ಎಂಬ ಮರದ ಸುತ್ತಿಗೆ ಹಿಡಿದು ಅವನು ಹೊರಡುತ್ತಿದ್ದ. ಒಂದೊಂದು ಹಲಗೆಗೆ ಒಂದೊಂದು ಪೆಟ್ಟು. ಗಟ್ಟಿ ಹಲಗೆ ಟಣ್ ಎನ್ನುತ್ತದೆ. ಹಲಗೆ ಹಾಡಿತು ಎನ್ನುತ್ತಾರೆ ಅಲ್ಲಿ. ಒಳಗೆ ಕೊಳೆತದ್ದು ದೊಬ್ ಎಂದು ಗೊಣಗುತ್ತದೆ. ಗೊಣಗಿದ್ದರ ಮೇಲೆ ಸೀಮೆಸುಣ್ಣದ ಕತ್ತರಿ ಗುರುತು ಬೀಳುತ್ತಿತ್ತು, ತಿಂಗಳೊಳಗೆ ಅದನ್ನು ಕಿತ್ತ ಜಾಗಕ್ಕೆ ಹೊಸದು ಬರುತ್ತಿತ್ತು. ಗುರುತಿಲ್ಲದ ಹಲಗೆಯ ಮೇಲೆ ಊರು ಕಣ್ಣುಮುಚ್ಚಿ ಕಾಲಿಡುತ್ತಿತ್ತು.

ಆದರೆ ನಲವತ್ತು ವರ್ಷ ಹಲಗೆ ಹಾಸುವ ಕೆಲಸದಲ್ಲಿ ಮೋಟಾರು ಗರಗಸ ಪಕ್ಕದಲ್ಲೇ ಕಿರುಚಿದರೆ ಯಾವ ಕಿವಿ ತಾನೇ ಉಳಿದೀತು? ಮೊದಲು ಹಕ್ಕಿಗಳು ಹೋದವು. ಆಮೇಲೆ ಕೆಟಲಿನ ಸಿಳ್ಳೆ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಹಡಗುಕಟ್ಟೆಯ ಹತ್ತಿರ ಒಳ್ಳೆಯ ಹಲಗೆಯೊಂದಕ್ಕೆ ಬಡಿದಾಗ ಟಣ್ ಎನ್ನುವುದೂ ಬರಲಿಲ್ಲ. ಇನ್ನೊಂದಕ್ಕೆ ಬಡಿದ. ಮತ್ತೊಂದಕ್ಕೆ ಬಡಿದ. ಎಲ್ಲವೂ ದೊಬ್, ದೊಬ್, ದೊಬ್. ಎದುರಿಗೆ ನಿಂತವರ ಮಾತು ತುಟಿ ನೋಡಿಕೊಂಡರೆ ಇನ್ನೂ ಸಿಗುತ್ತಿತ್ತು. ಹಲಗೆಗೆ ತುಟಿಯೆಲ್ಲಿದೆ?

ಅವತ್ತೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ ಪುಣ್ಯಾತ್ಮ. ಕೊಡತಿ ಕೈಯಿಂದ ಹೋದರೆ ತಾನು ಯಾರು? ಮಂಡಿ ಸವೆದ ಒಬ್ಬ ಮುದುಕ, ಅಷ್ಟೆ. ಹಾಗಾಗಿ ಮಣಿಕಟ್ಟಿನ ಮೇಲೆ ಭಾರ ಹಾಕಿದ. ಗಟ್ಟಿ ಹಲಗೆ ಕೊಡತಿಯನ್ನು ಚಿಮ್ಮಿಸುತ್ತದೆ, ಕೊಳೆತದ್ದು ನುಂಗಿಕೊಳ್ಳುತ್ತದೆ. ಬಹುತೇಕ ಅದರಿಂದ ಗೊತ್ತಾಗುತ್ತಿತ್ತು. ಪಾಚಿ ದಪ್ಪಗಿದ್ದ ಕಡೆ ಗೊತ್ತಾಗುತ್ತಿರಲಿಲ್ಲ. ಅನುಮಾನ ಬಂದಲ್ಲಿ ಹೊಟ್ಟೆಯ ಮೇಲೆ ಮಲಗಿ ತೊಲೆಯ ಸಂದಿಗೆ ದಬ್ಬಳ ಚುಚ್ಚಿ ನೋಡಬೇಕು ಎಂದು ಎಷ್ಟು ಹುಡುಗರಿಗೆ ಅವನೇ ಪಾಠ ಹೇಳಿಲ್ಲ! ಈಗ ಮಲಗಿದರೆ ಏಳುವುದು ಕಷ್ಟ. ದಾರಿಹೋಕರ ಮುಖ ನೋಡುತ್ತಿದ್ದ. ಅವರು ಹುಬ್ಬೇರಿಸದಿದ್ದರೆ ಮುಂದೆ ಹೋಗುತ್ತಿದ್ದ.

ಹೆಂಡತಿ ಒತಿಲಿಯಾಗೆ ಮಾತ್ರ ಗೊತ್ತಿತ್ತು. ಅವಳಿಂದ ಮುಚ್ಚಿಡುವುದು ಹೇಗೆ?

"ಕೆಟಲ್ಲು ಅರ್ಧ ಗಂಟೆಯಿಂದ ಬಾಯ್ ಬಡ್ಕೊಂತಿದೆ, ಪಕ್ಕದಲ್ಲೇ ಕೂತು ಗೋಡೆ ನೋಡ್ತಿದೀಯಲ್ಲ ಮುದುಕಾ!" ಎಂದಿದ್ದಳು ಮೊದಲ ಸಲ. ಎರಡನೆಯ ಸಲ ಬೈಯಲಿಲ್ಲ. ಎದುರಿಗೆ ಬಂದು ನಿಂತು, ತುಟಿ ಅಗಲಿಸಿ, "ಹೇಳ್ಬಿಡು," ಎಂದಳು. ಅವನು ಕೇಳಿಸದವನ ಹಾಗೆ ಕೂತ.

ಜನವರಿಯ ಕೊನೆಯ ವಾರ. ಬೆಳಗಿನ ಹೊತ್ತು. ಇಗರ್ಜಿಯ ಕೆಳಗಿನ ತಿರುವಿನಲ್ಲಿ ಎವಾರಿಸ್ತೊ ಸಲಿಕೆಯಿಂದ ಪಾಚಿ ಹೆರೆಯುತ್ತಿದ್ದ. ಸಿಪ್ರೆಸ್ಸಿಗೆ ಬಣ್ಣ ಬೇಡ, ಎಣ್ಣೆ ಬೇಡ. ಪಾಚಿ ಹೆರೆದು, ಹಲಗೆಗಳ ಸಂದಿಯ ಕಸ ತೆಗೆದು, ನೀರು ಹರಿಯುವುದಕ್ಕೆ ದಾರಿ ಬಿಟ್ಟರೆ ಅದರಷ್ಟಕ್ಕೆ ಬದುಕಿಕೊಳ್ಳುತ್ತದೆ. ತಲೆ ತಗ್ಗಿಸಿ ಹೆರೆಯುತ್ತಿದ್ದವನಿಗೆ ಕಣ್ಣಂಚಿನಲ್ಲಿ ಏನೋ ಬಿಳಿ ಕಂಡಿತು. ತಿರುಗಿದರೆ ಕಡಲಹಕ್ಕಿಗಳು. ನಲವತ್ತು ಹೆಜ್ಜೆ ಹಿಂದೆ, ಹಲಗೆದಾರಿಯ ಕೆಳಗಿನ ನೀರಿನ ಮೇಲೆ ಮುಗಿಬಿದ್ದಿದ್ದವು. ನೀರಿನ ಮೇಲೆ ರೊಟ್ಟಿ ತೇಲುತ್ತಿತ್ತು. ಒಂದಲ್ಲ, ಇಪ್ಪತ್ತು ಮೂವತ್ತು.

ಸಲಿಕೆ ಬಿಸಾಡಿದ. ಓಡಿದ.

ರೊಟ್ಟಿ ಸುಡುವ ಎದೆಲ್ಮಿರಾ ಅಲ್ಲಿದ್ದಳು. ಮನೆಮನೆಗೆ ಬುಟ್ಟಿ ಹೊತ್ತು ರೊಟ್ಟಿ ಹಾಕಿ, ಊರಿನ ಸುದ್ದಿಯನ್ನೂ ಬಿಸಿಬಿಸಿಯಾಗಿ ಹಂಚುವ ಗಟ್ಟಿಗಿತ್ತಿ ವಿಧವೆ. ಒಂದು ಕಾಲು ತೊಡೆಯವರೆಗೂ ಮುರಿದ ಹಲಗೆಯೊಳಗೆ ಹೋಗಿತ್ತು, ಇನ್ನೊಂದು ಹೊರಗೆ ಮಡಿಸಿಕೊಂಡಿತ್ತು. ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. ಎವಾರಿಸ್ತೊ ತೊಲೆ ಹಿಡಿದು ಕೆಳಗಿಳಿದು, ಸೊಂಟದವರೆಗೆ ನೀರಿನಲ್ಲಿ ನಿಂತು, ಮುರಿದ ತುಂಡುಗಳನ್ನು ಕಿತ್ತು ಅವಳ ಕಾಲು ಬಿಡಿಸಿದ. ಮೂಳೆ ಮುರಿದಿದೆ ಎಂದು ಕೈಗೇ ಗೊತ್ತಾಯಿತು. ಅಷ್ಟರಲ್ಲಿ ಜನ ಬಂದರು. ಬಾಗಿಲೊಂದನ್ನು ಕಿತ್ತು ಅದರ ಮೇಲೆ ಮಲಗಿಸಿ ಲಾಂಚಿಗೆ ಹೊತ್ತರು.

ಹೊರುವಾಗ ಎದೆಲ್ಮಿರಾ ಅವನ ತೋಳು ಹಿಡಿದು ಹೇಳಿದಳು. ತುಟಿ ನಡುಗುತ್ತಿತ್ತು, ಆದರೂ ಅವನಿಗೆ ಪೂರ್ತಿ ಸಿಕ್ಕಿತು.

"ನಿಮ್ಮ ತಪ್ಪೇನಿಲ್ಲ ದೋನ್ ಎವಾರಿಸ್ತೊ. ನೀವು ಬಡಿದು ನೋಡಿದ್ದ ಹಲಗೇನೇ ಅದು. ಮರಾನೇ ಮೋಸ ಮಾಡ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಲ್ಲರೂ ಹೋದ ಮೇಲೆ ಆ ಎರಡು ತುಂಡುಗಳನ್ನು ಕೋಟಿನೊಳಗೆ ಸುತ್ತಿ ಮನೆಗೆ ತಂದ. ಹಿತ್ತಲ ಕೊಟ್ಟಿಗೆಯಲ್ಲಿ ಕೂತು ನೋಡಿದ. ಎರಡು ತುದಿಯೂ ಅಪ್ಪಟ ಕೆಚ್ಚು. ಚಾಕುವಿನಿಂದ ಕೆರೆದರೆ ಬೂದಿಯ ಕೆಳಗೆ ಹಳದಿಗೆಂಪು, ಹದಿನೆಂಟು ವರ್ಷದ ಮೇಲೂ ಮೂಗಿಗೆ ಹತ್ತುವ ಘಾಟು. ತೊಲೆಯ ಮೇಲೆ ಕೂತಿದ್ದ ನಡುಭಾಗ ಮಾತ್ರ ನೆನೆದ ರೊಟ್ಟಿಯ ಹಾಗಿತ್ತು. ಹೆಬ್ಬೆರಳು ಒತ್ತಿದರೆ ಒಳಗೆ ಹೋಯಿತು. ಸಂದಿಯಲ್ಲಿ ಕಸ ಕೂತು, ನೀರು ನಿಂತು, ವರ್ಷ ವರ್ಷಗಟ್ಟಲೆ ಅಡಿಯಿಂದ ತಿಂದಿತ್ತು. ಅಕ್ಟೋಬರಿನಲ್ಲಿ ಅದು ಗೊಣಗಿಯೇ ಗೊಣಗಿರುತ್ತದೆ. ಕಿವಿಯಿದ್ದ ಯಾವ ಪಾಮರನಿಗಾದರೂ ಕೇಳಿಸಿರುತ್ತಿತ್ತು. ಮೊಳಕಾಲು ನೋವೆಂದು ಮಲಗಿ ದಬ್ಬಳ ಚುಚ್ಚದವನೂ ತಾನೇ. ಆ ಸಂದಿಯ ಕಸ ತೆಗೆಯದವನೂ ತಾನೇ.

ಒತಿಲಿಯಾ ಬಂದು ನಿಂತಳು. ತುಂಡುಗಳನ್ನು ನೋಡಿದಳು, ಅವನನ್ನು ನೋಡಿದಳು.

"ಬೆಲಾರ್ಮಿನೊ ಕೊಯ್ದ ಹಲಗೆನಾ?"

"ಹೂಂ."

"ಕೆಚ್ಚೇ ಅಲ್ವಾ?"

"ಹೂಂ."

"ಹಂಗಾದ್ರೆ ಈಗ್ಲಾದ್ರೂ ಹೇಳು. ಇವತ್ತೇ ಹೇಳು. ನಾಳೆ ಅಂದ್ರೆ ನಿನ್ನ ನಾಲಿಗೆ ಹೊರಳಲ್ಲ, ನಂಗೊತ್ತು ನಿನ್ನ ಬುದ್ಧಿ."

ಒಲೆಗೆ ಹಾಕಿಬಿಡೋಣವೆಂದು ಅವನಿಗೆ ಅನಿಸಿತು. ಆದರೆ ಅಲ್ಲಿ ಯಾರೂ ಸಿಪ್ರೆಸ್ ಸುಡುವುದಿಲ್ಲ. ಹೊಗೆಕೊಳವೆಯಿಂದ ಆ ವಾಸನೆ ಹೊರಟರೆ ಇಡೀ ಊರೇ ಬಾಗಿಲಿಗೆ ಬಂದು ಏನು ಸುಡುತ್ತಿದ್ದೀಯೆಂದು ಕೇಳುತ್ತದೆ. ನೀರಿಗೆ ಎಸೆದರೆ ತೇಲುತ್ತದೆ, ಉಬ್ಬರ ಅದನ್ನು ನೇರ ಹಡಗುಕಟ್ಟೆಗೆ ತಂದಿಡುತ್ತದೆ. ಹಾಗಾಗಿ ಎರಡು ತುಂಡನ್ನೂ ಮನೆಯ ಕೆಳಗೆ, ತಾನು ಮಲಗುವ ಕೋಣೆಯ ಸರಿಯಾಗಿ ಅಡಿಗೆ, ತೊಲೆಯ ಮೇಲೆ ತಳ್ಳಿದ. ಅವತ್ತಿನಿಂದ ಹಾಸಿಗೆಯಲ್ಲಿ ಮಲಗಿದರೆ ಮೂಗಿಗೆ ಘಾಟು. ಒತಿಲಿಯಾಗೆ ಯಾವ ಘಾಟೂ ಬರುತ್ತಿರಲಿಲ್ಲ.

ಬೆಲಾರ್ಮಿನೊ ಮರ ಕೊಯ್ಯುವವನು. ಎಂದೋ ಸುಟ್ಟುಹೋದ ಕಾಡಿನಲ್ಲಿ ಸತ್ತು ನಿಂತೇ ಇರುವ ಸಿಪ್ರೆಸ್ಸುಗಳನ್ನು ಹುಡುಕಿ, ಉರುಳಿಸಿ, ದೋಣಿಯಲ್ಲಿ ತಂದು ಹಲಗೆ ಮಾಡುತ್ತಿದ್ದ. ಬಿಳಿ ಬಂದ ಅಂಚನ್ನು ತಾನೇ ಕೊಯ್ದು ಎಸೆಯುತ್ತಿದ್ದ. ಆ ವಿಷಯದಲ್ಲಿ ಅವನದು ಹುಚ್ಚು ಹಟ. ಎವಾರಿಸ್ತೊನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಅವನೇ, ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಮೂವತ್ತು ವರ್ಷ ಅವನು ಕೊಯ್ದ, ಇವನು ಹಾಸಿದ.

ರೆಮಿಹಿಯೊನ ಅಂಗಡಿಯಲ್ಲಿ ಸಂಜೆ ಒಲೆಯ ಸುತ್ತ ಹತ್ತು ಜನ ಕೂರುತ್ತಿದ್ದರು. ಒಂದೇ ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿನ ಕಷಾಯ, ಒಂದೇ ಕೊಳವೆ. ರೆಮಿಹಿಯೊ ಬಿಸಿನೀರು ಹಾಕಿ ಒಬ್ಬರಿಗೆ ಕೊಡುತ್ತಾನೆ, ಅವರು ಹೀರಿ ವಾಪಸು ಕೊಡುತ್ತಾರೆ, ಮತ್ತೆ ತುಂಬಿ ಪಕ್ಕದವರಿಗೆ. ಅಪಘಾತವಾದ ಮೂರನೆಯ ಸಂಜೆ ಮಾತೆಲ್ಲ ಅದೇ.

"ಲೆಕ್ಕ ಸಲೀಸಾಗಿದೆ," ಎಂದ ರೆಮಿಹಿಯೊ. ಊರಿನ ಹಲಗೆದಾರಿ ಸಮಿತಿಯ ಅಧ್ಯಕ್ಷನೂ ಅವನೇ, ದೊಡ್ಡ ಗಂಟಲು. "ಅಕ್ಟೋಬರಲ್ಲಿ ದೋನ್ ಎವಾರಿಸ್ತೊ ಬಡಿದು ನೋಡಿದಾರೆ. ಗುರುತು ಹಾಕಿಲ್ಲ. ಅಂದ್ರೆ ಹಲಗೆ ಹಾಡಿದೆ. ಜನವರೀಲಿ ಮುರ್ದಿದೆ. ಮೂರೇ ತಿಂಗಳು! ಕೆಚ್ಚು ಮೂರು ತಿಂಗಳಲ್ಲಿ ಕೊಳೆಯುತ್ತಾ? ಯಾವ ವರ್ಷ ಹಾಸಿದ್ದೋ ಯಾರಿಗೆ ನೆನಪು, ಬಿಳಿಮರ ಆದ್ರೆ ಹಂಗೆ ದಿಢೀರ್ ಕೊಳೆಯುತ್ತೆ."

"ನಾನು ಬಿಳಿ ಕೊಡೋನಲ್ಲ," ಎಂದ ಬೆಲಾರ್ಮಿನೊ. ಅವನೂ ಅಲ್ಲೇ ಕೂತಿದ್ದ, ಎವಾರಿಸ್ತೊನ ಎಡಕ್ಕೆ.

"ಮತ್ತೆ ಅದು ತನ್ನಷ್ಟಕ್ಕೆ ತಾನೇ ಮುರೀತಾ? ಎದೆಲ್ಮಿರಾ ಏನು ಎತ್ತಿನ ತೂಕ ಇದಾಳಾ?"

ಯಾರೋ ನಕ್ಕರು. ಬೆಲಾರ್ಮಿನೊ ನಗಲಿಲ್ಲ. ಎವಾರಿಸ್ತೊನ ಕಡೆ ತಿರುಗಿದ, ಮುಖಕ್ಕೆ ಮುಖ ಕೊಟ್ಟು. ಎಷ್ಟು ಸ್ಪಷ್ಟವಾಗಿ ಮಾತಾಡಿದನೆಂದರೆ ಕೇಳಿಸಲಿಲ್ಲ ಎಂದು ನೆಪ ಹೇಳುವ ಹಾಗಿರಲಿಲ್ಲ.

"ಕೊಂಪಾದ್ರೆ, ನೀನೇ ಹೇಳಪ್ಪ. ಅಕ್ಟೋಬರಲ್ಲಿ ಆ ಹಲಗೆ ಹಾಡ್ತಾ? ನೀನು ಹಾಡ್ತು ಅಂದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ."

ಹತ್ತು ಜೊತೆ ಕಣ್ಣು. ಒಂದೇ ಮಾತು ಸಾಕಿತ್ತು. 'ನನಗೆ ಕೇಳಿಸಲಿಲ್ಲ.' ಎರಡೇ ಪದ. ಅವು ಗಂಟಲವರೆಗೆ ಬಂದವು ಕೂಡ. ಆದರೆ ಆ ಕಣ್ಣುಗಳಲ್ಲಿದ್ದ ನಂಬಿಕೆ ಇತ್ತಲ್ಲ, ಅದು ಅವನಿಗೆ ಬೇಕಾಗಿತ್ತು. ಇನ್ನೊಂದು ದಿನ, ಇನ್ನೊಂದೇ ದಿನ.

"ಹಾಡ್ತು," ಎಂದ.

ಬೆಲಾರ್ಮಿನೊ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. ರೆಮಿಹಿಯೊ ಬುರುಡೆ ತುಂಬಿದ. ಸರದಿ ಬೆಲಾರ್ಮಿನೊನದು. ರೆಮಿಹಿಯೊನ ಕೈ ಅವನ ಎದೆಯ ಮುಂದಿನಿಂದ ಹಾದು ಎವಾರಿಸ್ತೊನ ಹತ್ತಿರ ಬಂದು ನಿಂತಿತು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಎವಾರಿಸ್ತೊ ಬುರುಡೆ ತೆಗೆದುಕೊಂಡ, ಕುಡಿದ. ನಾಲಿಗೆ ಸುಟ್ಟಿತು; ಸುಡಲಿ ಎಂದು ಪೂರ್ತಿ ಹೀರಿದ. ತಲೆಯೆತ್ತಿ ನೋಡಿದಾಗ ಪಕ್ಕದ ಜಾಗ ಖಾಲಿಯಿತ್ತು.

ಆಮೇಲಿನದು ತಾನಾಗಿಯೇ ಉರುಳಿತು. ಬೆಲಾರ್ಮಿನೊ ಕೊಟ್ಟ ಹಲಗೆಯನ್ನು ಜನ ತಮ್ಮ ಮೆಟ್ಟಿಲುಗಳಿಂದ ಕಿತ್ತು ಹಾಕಿದರು. ಕಿತ್ತದ್ದರಲ್ಲಿ ಹತ್ತಕ್ಕೆ ಒಂಬತ್ತು ಕಬ್ಬಿಣದ ಹಾಗಿದ್ದವು, ಅದನ್ನು ನೋಡುವ ತಾಳ್ಮೆ ಯಾರಿಗಿತ್ತು? ಅವನ ಹೊಸ ಹಲಗೆಗಳ ಅಟ್ಟಿ ಕಟ್ಟೆಯ ಪಕ್ಕ ಕೊಳ್ಳುವವರಿಲ್ಲದೆ ನೆನೆಯಿತು. ಅವನ ಹೆಂಡತಿ ಎದುರಾದರೆ ಹೆಂಗಸರು ಪಾಚಿ ನೋಡಿಕೊಂಡು ನಡೆದರು. ಇನ್ನು ಸಿಪ್ರೆಸ್ಸೇ ಬೇಡ, ಉತ್ತರದಿಂದ, ಕೊಳೆಯದ ಹಾಗೆ ಹಸಿರು ಔಷಧಿ ಕುಡಿಸಿದ ಪೈನ್ ಹಲಗೆ ತರಿಸೋಣವೆಂದು ಸಮಿತಿ ತೀರ್ಮಾನಿಸಿತು. ಈ ಮಳೆಗೆ ಆ ಪೈನು ಸೊಟ್ಟಗಾಗಿ ಮೊಳೆ ಕಕ್ಕುತ್ತದೆಂದು ಎವಾರಿಸ್ತೊಗೆ ಚೆನ್ನಾಗಿ ಗೊತ್ತು. "ನೀವೇನಂತೀರಾ?" ಎಂದು ಕೇಳಿದರು. ಏನನ್ನಲಿ? ನಿಮ್ಮಿಷ್ಟ ಎಂದ. ಯಾವ ಬಾಯಲ್ಲಿ ಸಿಪ್ರೆಸ್ಸನ್ನು ಹೊಗಳುವುದು?

ನಾಚಿಕೆ ಅವನನ್ನು ತಿನ್ನುತ್ತಿತ್ತು. ಅದೂ ಆ ಹಲಗೆಯ ಹಾಗೆಯೇ, ಅಡಿಯಿಂದ. ಮೇಲೆ ಏನೂ ಕಾಣುತ್ತಿರಲಿಲ್ಲ. ಎರಡು ಸಲ ಬೆಲಾರ್ಮಿನೊನ ಬಾಗಿಲವರೆಗೆ ಹೋದ. ಒಂದು ಸಲ ಕದ ತಟ್ಟಿದ ಕೂಡ. ಒಳಗಿನಿಂದ ಯಾರಾದರೂ ಬಾ ಎಂದರೋ ಹೋಗು ಎಂದರೋ ಕೇಳಿಸದೆ ನಿಂತು ನಿಂತು ವಾಪಸು ಬಂದ. ಒತಿಲಿಯಾ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯಬೇಕಾದರೆ ಮೇಜಿನ ಮೇಲೆ ಬಡಿಯುತ್ತಿದ್ದಳು, ಬೇಕೆಂದೇ, ಕೊಡತಿಯ ಹಿಡಿಯಿಂದ.

ಏಪ್ರಿಲ್ ಮೊದಲ ವಾರ ಎದೆಲ್ಮಿರಾ ಆಸ್ಪತ್ರೆಯಿಂದ ಬರುತ್ತಾಳೆಂದು ಸುದ್ದಿಯಾಯಿತು. ಅದೇ ಲಾಂಚು ತಿರುಗಿ ಹೋಗುವಾಗ ಬೆಲಾರ್ಮಿನೊನ ಮನೆಸಾಮಾನು ಹೋಗುತ್ತದೆಂದೂ ಸುದ್ದಿಯಾಯಿತು. ಹೆಂಡತಿಯ ತವರಿನ ಕಡೆ, ಕಾಡಿಲ್ಲದ ಬಯಲಿಗೆ.

ಊರೆಲ್ಲ ಕಟ್ಟೆಯಲ್ಲಿ ಸೇರಿತ್ತು. ತುಂತುರು. ಒಂದು ಪಕ್ಕದಲ್ಲಿ ಬೆಲಾರ್ಮಿನೊ ತನ್ನ ಗಂಟುಮೂಟೆ, ಒಲೆ, ಹಾಸಿಗೆ, ಗರಗಸ ಎಲ್ಲವನ್ನೂ ಟಾರ್ಪಾಲು ಹೊದಿಸಿ ಇಟ್ಟುಕೊಂಡು ನಿಂತಿದ್ದ. ಯಾರ ಕಡೆಯೂ ನೋಡುತ್ತಿರಲಿಲ್ಲ. ಲಾಂಚು ಬಂತು. ಎದೆಲ್ಮಿರಾ ಎರಡು ಕಂಕುಳುಗೋಲು ಊರಿ ಕಟ್ಟೆಗೆ ಇಳಿದಳು. ಇಳಿದವಳೇ, ಕಾಂಕ್ರೀಟಿನ ಅಂಚಿಗೆ ಬಂದು ನಿಂತುಬಿಟ್ಟಳು. ಮುಂದೆ ಹಲಗೆದಾರಿ. ಗೋಲಿನ ತುದಿಯನ್ನು ಮೊದಲ ಹಲಗೆಯ ಮೇಲೆ ಇಟ್ಟಳು, ತೆಗೆದಳು. ಮತ್ತೆ ಇಟ್ಟಳು. ಮುಖ ಬೆವರಿತ್ತು.

"ಆಗ್ತಿಲ್ಲ ಕಣ್ರೋ," ಎಂದಳು. "ಕಾಲು ಮುಂದಕ್ಕೇ ಹೋಗ್ತಿಲ್ಲ."

"ಅಯ್ಯೋ, ಕುರ್ಚಿ ತಂದಿದೀವಲ್ಲ!" ಎಂದ ರೆಮಿಹಿಯೊ. "ನಾಲ್ಕು ಜನ ಎತ್ಕೊಂಡು ರಾಣಿ ಥರ ಕರ್ಕೊಂಡ್ ಹೋಗ್ತೀವಿ."

"ನಾಲ್ಕು ಜನರ ತೂಕ, ಮೇಲೆ ನಂದು ಬೇರೆ, ಎಲ್ಲಾ ಒಂದೇ ಹಲಗೆ ಮೇಲಾ? ಒಂದೇ ಕಾಲು ಉಳಿದಿರೋದು, ಅದನ್ನೂ ತೆಗೀಬೇಕು ಅಂತಿದೀಯಾ?" ಜನ ನಕ್ಕರು. ಅವಳೂ ನಕ್ಕಳು, ಆದರೆ ಗೋಲು ಹಿಡಿದ ಬೆರಳು ಬಿಳಚಿಕೊಂಡಿದ್ದವು. ಕಣ್ಣಲ್ಲೇ ಗುಂಪಿನೊಳಗೆ ಹುಡುಕಿದಳು. "ದೋನ್ ಎವಾರಿಸ್ತೊ ಎಲ್ಲಿ? ಅವರು ಬರ್ಲಿ. ಮುಂದೆ ಮುಂದೆ ಬಡೀತಾ ಹೋಗ್ಲಿ. ಅವರು ಹಾಡ್ತು ಅಂದ ಹಲಗೆ ಮೇಲೆ ಮಾತ್ರ ನಾನು ಕಾಲಿಡೋದು. ಬೇರೆ ಯಾರನ್ನೂ ನಂಬಲ್ಲ ನಾನು."

ಗುಂಪು ದಾರಿ ಬಿಟ್ಟಿತು. ಯಾರೋ ಓಡಿಹೋಗಿ ಅವನ ಮನೆಯಿಂದ ಕೊಡತಿ ತಂದರು. ಒತಿಲಿಯಾ ಅದರ ಹಿಂದೆಯೇ ಬಂದು ದೂರದಲ್ಲಿ ನಿಂತಳು. ಕೊಡತಿಯನ್ನು ಎವಾರಿಸ್ತೊನ ಕೈಗೆ ಕೊಟ್ಟರು. ಅವನು ಮೊದಲ ಹಲಗೆಯ ಮುಂದೆ ನಿಂತ. ಎತ್ತಿ ಬಡಿದ.

ದೊಬ್.

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಎದೆಲ್ಮಿರಾ ಆಗಲೇ ಗೋಲು ಎತ್ತಿ ತಯಾರಾಗಿದ್ದಳು. ತಲೆಯಾಡಿಸಿದರೆ ಸಾಕು, ಹೆಜ್ಜೆ ಇಡುತ್ತಾಳೆ. ಅವಳ ಮನೆಯವರೆಗೆ ಎಂಟುನೂರು ಹಲಗೆ. ಎಂಟುನೂರು ಸಲ ಸುಳ್ಳು ಹೇಳಬೇಕು, ಒಂದೊಂದಕ್ಕೂ ಅವಳ ಆ ಕಾಲು. ಅವನ ಕೈಯಿಂದ ಕೊಡತಿ ಜಾರಿತು.

"ನಂಗೆ ಕೇಳ್ಸಲ್ಲ," ಎಂದ.

"ಏನಂದ್ರಿ?" ಎಂದ ರೆಮಿಹಿಯೊ.

"ನಂಗೆ ಕಿವಿ ಕೇಳ್ಸಲ್ಲ ಕಣಯ್ಯಾ! ನಾಲ್ಕು ವರ್ಷ ಆಯ್ತು. ಹಾಡಿದ್ದೂ ಗೊತ್ತಾಗಲ್ಲ, ಗೊಣಗಿದ್ದೂ ಗೊತ್ತಾಗಲ್ಲ. ಅಕ್ಟೋಬರಲ್ಲಿ ಆ ಹಲಗೆ ಹಾಡ್ತು ಅಂದ್ನಲ್ಲ, ಸುಳ್ಳು. ಅದು ಬೆಲಾರ್ಮಿನೊ ಕೊಟ್ಟ ಕೆಚ್ಚು. ತುಂಡುಗಳು ನನ್ನ ಮನೆ ಕೆಳಗಿವೆ, ಹೋಗಿ ಮೂಸಿ ನೋಡಿ. ತೊಲೆ ಮೇಲೆ ಕಸ ಬಿಟ್ಟೋನು ನಾನು. ಬಗ್ಗಿ ನೋಡದೋನು ನಾನು." ಅವನ ದನಿ ಎಷ್ಟು ಜೋರಾಗಿತ್ತೋ ಅವನಿಗೇ ಗೊತ್ತಿರಲಿಲ್ಲ. ಕೆರೆದ ತುಂಡಿನ ಘಾಟು ಅಲ್ಲೇ ಮೂಗಿನಲ್ಲಿದ್ದಂತಿತ್ತು. ಅವನು ಅಳುತ್ತಿದ್ದ.

ಗುಂಪಿನಲ್ಲಿ ಯಾರಾದರೂ ಏನಾದರೂ ಅಂದರೇನೋ, ಅವನಿಗೆ ಸಿಗಲಿಲ್ಲ. ಅವನು ನೋಡುತ್ತಿದ್ದದ್ದು ಎದೆಲ್ಮಿರಾಳ ತುಟಿಯನ್ನು.

"ನಾನು ಕೂಗಿದ್ದೆ," ಎಂದಳು ಕೊನೆಗೆ. "ಅವತ್ತು. ನಿಮ್ಮ ಬೆನ್ನು ಕಾಣಿಸ್ತಿತ್ತು. ದೋನ್ ಎವಾರಿಸ್ತೊ, ದೋನ್ ಎವಾರಿಸ್ತೊ ಅಂತ ಎಷ್ಟು ಸಲ ಕೂಗಿದೆ. ನೀವು ಪಾಚಿ ಕೆರೀತಾನೇ ಇದ್ರಿ. ಗಾಳಿ ನನ್ನ ಕೂಗು ಎತ್ಕೊಂಡ್ ಹೋಯ್ತು ಅಂದ್ಕೊಂಡೆ. ಆಸ್ಪತ್ರೇಲೂ ಅದನ್ನೇ ಅಂದ್ಕೊಂಡು ಮಲಗಿದ್ದೆ. ಗಾಳಿಗೆ ಬೈತಿದ್ದೆ ನಾನು, ಗಾಳಿಗೆ!"



ಬೆಲಾರ್ಮಿನೊ ತನ್ನ ಗಂಟುಮೂಟೆಯ ಹತ್ತಿರದಿಂದ ನಡೆದು ಬಂದ. ಎವಾರಿಸ್ತೊ ಕಣ್ಣು ಮುಚ್ಚಿದ, ಹೊಡೆದರೆ ಹೊಡೆಯಲಿ. ಬೆಲಾರ್ಮಿನೊ ಬಗ್ಗಿ ಕೊಡತಿ ಎತ್ತಿಕೊಂಡ. ಮೊದಲ ಹಲಗೆಗೆ ಬಡಿದು ತಲೆ ವಾಲಿಸಿ ಕೇಳಿದ.

"ಹಾಡ್ತು," ಎಂದ ಎದೆಲ್ಮಿರಾಗೆ.

"ಸರಿ," ಎಂದಳು ಅವಳು. ಆಮೇಲೆ ಗೋಲಿನ ತುದಿಯಿಂದ ಎವಾರಿಸ್ತೊನ ಎದೆ ಮುಟ್ಟಿದಳು. "ಆದ್ರೂ ಮೊದಲು ನೀನು ತುಳಿ. ಪೂರ್ತಿ ಭಾರ ಬಿಟ್ಟು ತುಳಿ. ಇವನು ಬಡೀಲಿ, ನೀನು ತುಳಿ, ಆಮೇಲೆ ನಾನು. ಮನೆ ತನಕ."

ಹಾಗೆಯೇ ಹೊರಟರು. ಬೆಲಾರ್ಮಿನೊ ಅವನ ಹೆಗಲ ಪಕ್ಕ, ಅರ್ಧ ಹೆಜ್ಜೆ ಹಿಂದೆ, ಉದ್ದ ಹಿಡಿಯ ಕೊಡತಿ ಚಾಚಿ ಮುಂದಿನ ಹಲಗೆಗೆ ಬಡಿಯುತ್ತಿದ್ದ. ಎವಾರಿಸ್ತೊ ಆ ಹಲಗೆಯ ಮೇಲೆ ಎರಡೂ ಕಾಲು ಊರಿ ಕುಕ್ಕುತ್ತಿದ್ದ. ಹಿಂದೆ ಗೋಲುಗಳು. ಅದರ ಹಿಂದೆ ಊರು. ರೆಮಿಹಿಯೊ ಖಾಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ, ಎಲ್ಲಿಡಬೇಕೆಂದು ತೋಚದೆ. ನೂರು ಹಲಗೆ ಆಯಿತು, ಇನ್ನೂರಾಯಿತು. ಮಂಡಿ ಸಿಡಿಯುತ್ತಿತ್ತು. ಒಳ್ಳೆಯದೇ ಆಯಿತು ಎಂದುಕೊಂಡ. ಬೆಲಾರ್ಮಿನೊ ಒಂದೇ ಒಂದು ಮಾತೂ ಅವನ ಜೊತೆ ಆಡಲಿಲ್ಲ. ಆಡಿದ್ದು ಅವಳ ಜೊತೆ, ಹಾಡ್ತು, ಹಾಡ್ತು, ಹಾಡ್ತು.

ಇಗರ್ಜಿಯ ತಿರುವಿನಲ್ಲಿ ಪಾಚಿ ದಪ್ಪಗಿತ್ತು. ಕೊಡತಿ ಮುಂದೆ ಬಿತ್ತು. ಎವಾರಿಸ್ತೊ ಅಭ್ಯಾಸದಂತೆ ಕಾಲೆತ್ತಿದ. ಅಷ್ಟರಲ್ಲಿ ಹಿಂದಿನಿಂದ ಕಂಕುಳುಗೋಲೊಂದು ಬಂದು ಅವನ ಎದೆಗೆ ಅಡ್ಡ ಬಿತ್ತು, ಉಸಿರು ಕಟ್ಟುವ ಹಾಗೆ ಹಿಂದಕ್ಕೆಳೆಯಿತು. ತಿರುಗಿ ನೋಡಿದ. ಎದೆಲ್ಮಿರಾ ಒಂದೇ ಗೋಲಿನ ಮೇಲೆ ತೂಗಾಡುತ್ತ ನಿಂತಿದ್ದಳು, ಒತಿಲಿಯಾ ಓಡಿ ಬಂದು ಅವಳ ಸೊಂಟ ಹಿಡಿದಿದ್ದಳು.

"ನಿಲ್ಲು ನಿಲ್ಲು ಅಂತ ಅವನು ಮೂರು ಸಲ ಕೂಗಿದ," ಎಂದಳು ಎದೆಲ್ಮಿರಾ, ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ. "ಕೂಗಿದ್ರೆ ತಿರುಗದೇ ಇರೋದು ಹೆಂಗಿರುತ್ತೆ ಅಂತ ನಂಗೊತ್ತು."

ಎವಾರಿಸ್ತೊ ಆ ಹಲಗೆಯನ್ನು ನೋಡಿದ. ಬೂದಿ ಬಣ್ಣ, ನೋಡುವುದಕ್ಕೆ ಎಲ್ಲದರ ಹಾಗೆಯೇ. ಗುರುತಿಲ್ಲ. ಅಕ್ಟೋಬರಿನಲ್ಲಿ ತಾನೇ ಬಡಿದು ದಾಟಿದ್ದ ಹಲಗೆ. ಹಿಂದಿನ ಹಲಗೆಯ ಮೇಲೆ ನಿಧಾನಕ್ಕೆ ಮೊಣಕಾಲೂರಿದ, ಆಮೇಲೆ ಹೊಟ್ಟೆಯ ಮೇಲೆ ಮಲಗಿದ. ಕೋಟಿನ ಜೇಬಿನಿಂದ ದಬ್ಬಳ ತೆಗೆದು ತೊಲೆಯ ಸಂದಿಗೆ ಚುಚ್ಚಿದ, ಹಿಡಿಯವರೆಗೂ ಹೋಯಿತು. ತೋಳಿನಿಂದ ಪಾಚಿ ಒರೆಸಿ, ಸೀಮೆಸುಣ್ಣ ತೆಗೆದು ಕತ್ತರಿ ಗುರುತು ಎಳೆದ. ಒದ್ದೆ ಮರದ ಮೇಲೆ ಸರಿಯಾಗಿ ಮೂಡಲಿಲ್ಲ.

ಒಂದು ಕೈ ಬಂದು ಅವನ ಭುಜ ತಟ್ಟಿತು. ತಲೆಯೆತ್ತಿದ. ಬೆಲಾರ್ಮಿನೊ ಮುಖಕ್ಕೆ ಮುಖ ಕೊಟ್ಟು ಬಗ್ಗಿ ನಿಂತಿದ್ದ, ಅವತ್ತು ಅಂಗಡಿಯಲ್ಲಿ ಕೂತಿದ್ದ ಹಾಗೆಯೇ.

"ದೊಡ್ಡದಾಗಿ ಹಾಕು," ಎಂದ. "ಎಲ್ಲರಿಗೂ ಕಾಣ್ಲಿ."

ಎವಾರಿಸ್ತೊ ಮತ್ತೊಮ್ಮೆ ಒರೆಸಿ, ದೊಡ್ಡದಾಗಿ ಎಳೆದ.